ಕುರಿ ಡಾಕ್ಟರನ ಮಗಳಿಗೆ ಸೂಜಿ

ಊರೆಲ್ಲ ಜೋತಿಬಾನನ್ನು ಡಾಕ್ಟರ್ ಎಂದು ಕರೆಯುತ್ತದೆ. ನಾನೊಬ್ಬಳು ಕರೆದಿರಲಿಲ್ಲ.

ಗಡಹಿಂಗ್ಲಜ ತಾಲೂಕಿನಲ್ಲಿ, ನೂಲದಿಂದ ಮೂರು ಮೈಲಿ ಈಚೆಗೆ ಇರುವ ಒಂದು ಊರಿನ ಕನ್ನಡ ಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಅಕ್ಕೋರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಶಾಲೆಯ ಕಟ್ಟೆಯ ಮೇಲೆ ಪಂಚಾಯಿತಿ ಕೂಡುತ್ತದೆ. ನನ್ನ ಹೆಸರು ನೂತನ. ಅದನ್ನು ಮುಚ್ಚಿಟ್ಟು ಉಪಯೋಗವಿಲ್ಲ, ಇಷ್ಟು ಹರಿತ ನಾಲಿಗೆ ಈ ಸೀಮೆಯಲ್ಲಿ ಇನ್ಯಾರದೂ ಇಲ್ಲವೆಂದು ಎಲ್ಲರಿಗೂ ಗೊತ್ತು. ಜೋತಿಬಾ ಏಳನೆಯ ಇಯತ್ತೆಯಲ್ಲಿ ಎರಡು ಸಲ ಕೂತು, ಮೂರನೆಯ ಸಲ ಶಾಲೆಯ ಕಡೆಗೇ ಸುಳಿಯದೆ ಹೋದದ್ದು ಹಳೆಯ ಹಾಜರಿ ಪುಸ್ತಕದಲ್ಲಿದೆ. ನಾನೇ ಹುಡುಕಿ ನೋಡಿದ್ದೇನೆ. ಅಂಥವನಿಗೆ ನನ್ನ ಬಾಯಿಂದ ಆ ಪದವಿ ಸಿಗುವುದಿಲ್ಲ ಎಂದು ಬಹಳ ಹಿಂದೆಯೇ ತೀರ್ಮಾನ ಮಾಡಿಕೊಂಡಿದ್ದೆ.

ಅವನು ಧನಗರರವನು, ಕುರಿ ಸಾಕುವ ಕುಲ. ಈಗ ಐವತ್ತರ ಆಸುಪಾಸು. ಹುಡುಗನಾಗಿದ್ದಾಗ ದನದ ದವಾಖಾನೆಯ ಕಂಪೌಂಡರನ ಹಿಂದೆ ಒಂದು ಬೇಸಿಗೆ ತಿರುಗಿ, ಕುರಿಯ ಚರ್ಮ ಎತ್ತಿ ಸೂಜಿ ಹಾಕುವುದನ್ನು ಕಲಿತ. ಅಷ್ಟೇ ಅವನ ವಿದ್ಯೆ. ಅಲ್ಲಿಂದ ಮುಂದೆ, ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಸಿರಿಂಜು ಸಿಕ್ಕಿಸಿಕೊಂಡು ಓಡಾಡತೊಡಗಿದ. ತಲೆಗೆ ಹಳದಿ ಪಟಗ, ಹೆಗಲ ಮೇಲೆ ಕಂಬಳಿ, ಜೇಬಿನಲ್ಲಿ ಸಿರಿಂಜು. ಮದುವೆಗೆ ಹೋದರೂ ಇದೇ ವೇಷ. ಸುತ್ತ ನಾಲ್ಕು ಊರಿನ ಧನಗರರು ತಮ್ಮ ಕುರಿಗೆ ಸೂಜಿ ಹಾಕಿಸಲು ಅವನನ್ನು ಕರೆಯುತ್ತಾರೆ, ಊಟ ಹಾಕಿ, ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆ. ಕೈ ಹಗುರ, ಅದನ್ನು ಒಪ್ಪಬೇಕು. ಬಾಯಿಯೂ ಅಷ್ಟೇ ಹಗುರವಾದದ್ದು ಊರಿನ ದುರದೃಷ್ಟ. ಕುರಿಯಿಂದ ಶುರುವಾದ ಡಾಕ್ಟರಿಕೆ ನಿಧಾನವಾಗಿ ಮನುಷ್ಯರಿಗೂ ಹಬ್ಬಿತು. ಯಾರ ಮಂಡಿ ನೋವು, ಯಾರ ಸಕ್ಕರೆ ಕಾಯಿಲೆ, ಯಾರ ಸೊಸೆಗೆ ಮಕ್ಕಳಿಲ್ಲ, ಎಲ್ಲಕ್ಕೂ ಇವನ ಹತ್ತಿರ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ. ಚಹಾದ ಅಂಗಡಿಯ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತು ಅವನು ಅದನ್ನು ಹೇಳುವುದನ್ನೂ, ಪದವಿ ಓದಿದ ಗಂಡಸರು ಬಾಯಿ ತೆರೆದು ಕೇಳುವುದನ್ನೂ ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಕೊರೋನಾ ಸೂಜಿ ಬಂದಾಗ, ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ ಎಂದು ಊರಿಗೆ ಸಾರಿದವನು ಇವನೇ. ಅವನು ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಹಿಂಡು ಹೊಡೆದುಕೊಂಡು ಕುರುಂದವಾಡ, ಜಯಸಿಂಗಪುರದ ಕಡೆಗೆ ಹೋಗುತ್ತಾನೆ. ನದಿ ದಂಡೆಯ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಕೊಡುವುದು ಅವರ ಕಸುಬು. ಆ ವರ್ಷ ಅಲ್ಲಿಯ ಹೊಲದವರು, ಸರ್ಟಿಫಿಕೇಟ್ ಇಲ್ಲದವನ ಕುರಿ ನಮಗೆ ಬೇಡ ಎಂದುಬಿಟ್ಟರು. ಇವನು ಸದ್ದಿಲ್ಲದೆ ಹೋಗಿ ಎರಡೂ ಸೂಜಿ ಹಾಕಿಸಿಕೊಂಡು ಬಂದ. ನನಗೆ ಹೇಗೆ ಗೊತ್ತೆಂದರೆ, ಮೊಬೈಲಿನಿಂದ ಆ ಸರ್ಟಿಫಿಕೇಟ್ ತೆಗೆದುಕೊಟ್ಟವಳು ನಾನೇ. “ಅಕ್ಕೋರ, ನಿಮ್ಮ ಕಾಲ ಬೀಳ್ತೇನಿ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ” ಎಂದಿದ್ದ. ಇಷ್ಟು ವರ್ಷ ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಅವನ ಹೆಂಡತಿ ಮಾಯವ್ವ. ಮಾತು ಕಡಿಮೆ, ಕೆಲಸ ಜಾಸ್ತಿ. ಒಬ್ಬಳೇ ಮಗಳು, ಮಂಗಲ, ನಮ್ಮ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಲೆಕ್ಕದಲ್ಲಿ ಚುರುಕು, ಅಪ್ಪನ ಹಾಗೆ ಕೈ ಹಗುರ, ಅವ್ವನ ಹಾಗೆ ಬಾಯಿ ಭದ್ರ. ಈ ಕಥೆ ಅವಳ ತೋಳಿಗೆ ಬೀಳಬೇಕಾಗಿದ್ದ ಒಂದು ಸೂಜಿಯದು.

ಈ ವರ್ಷ ಹೋಳಿಯ ಮುಂದೆ ಶಾಲೆಗೆ ಒಂದು ಯಾದಿ ಬಂತು. ಹದಿನಾಲ್ಕು ತುಂಬಿ ಹದಿನೈದು ಆಗದ ಹುಡುಗಿಯರಿಗೆ ಎಚ್‌ಪಿವಿ ಸೂಜಿ, ಸರಕಾರದಿಂದ ಪುಕ್ಕಟೆ, ಒಂದೇ ಸಲ. ನಮ್ಮ ಶಾಲೆಯಲ್ಲಿ ಇಪ್ಪತ್ತೇಳು ಹೆಸರು. ತಂದೆ ಅಥವಾ ತಾಯಿಯ ಸಹಿ ಬೇಕು, ಆದ್ದರಿಂದ ಪಾಲಕರ ಸಭೆ ಕರೆದೆವು. ಆರೋಗ್ಯ ಉಪಕೇಂದ್ರದಿಂದ ಸಿಸ್ಟರ್ ಬಂದಳು; ಕೊಲ್ಲಾಪುರದ ಹುಡುಗಿ, ಮರಾಠಿಯವಳು, ನಮ್ಮ ಮಾತನ್ನು ಅರ್ಧ ಕಲಿತು ಅರ್ಧ ಧೈರ್ಯದಿಂದ ಆಡುತ್ತಾಳೆ.

“ಹೆಂಗಸರಿಗೆ ಗರ್ಭಾಶಯದ ಬಾಯಿಗೆ ಕ್ಯಾನ್ಸರ್ ಬರತದ. ವಯಸ್ಸು ಆದ ಮ್ಯಾಲ ಬರತದ, ಪಣ್ ಅದರ ವಿಷಾಣು ಮೊದಲಽ ಒಳಗ ಹೋಗಿರತದ. ಅದು ಹೋಗೂಕಿಂತ ಮೊದಲ ಈ ಸೂಜಿ. ಏಕಚ ಡೋಸ್” ಎಂದಳು.

ಗರ್ಭಾಶಯ ಎಂಬ ಶಬ್ದ ಕೇಳಿದ್ದೇ ತಡ, ಶಾಲಾ ಸಮಿತಿಯ ಅಧ್ಯಕ್ಷರು ರಾವಸಾಹೇಬರು ಗೋಡೆಯ ಮೇಲಿನ ಭಾರತದ ನಕಾಶೆ ನೋಡತೊಡಗಿದರು. ಹತ್ತು ಎಕರೆ ಕಬ್ಬಿನ ಒಡೆಯರು, ಬಸದಿಯಲ್ಲಿ ಮುಂದಿನ ಸಾಲಿನವರು, ನನಗೆ ದೂರದ ಸಂಬಂಧದಲ್ಲಿ ಮಾವ ಆಗಬೇಕು. ಅವರ ಪಕ್ಕದ ಮನೆಯ ಹೀರಾಬಾಯಿ ಯಾರಿಂದಲೋ ಅಷ್ಟಿಷ್ಟು ಕೇಳಿಕೊಂಡು ಬಂದಿದ್ದಳು. “ಅಲ್ಲರಿ ಸಿಸ್ಟರ್, ಈ ರೋಗ ಗಂಡಸರಿಂದ ಬರತೈತಂತಲ್ರಿ? ಹಂಗಾರ ನಮ್ಮ ಹುಡುಗ್ಯಾರಿಗೆ ಯಾಕ ಬೇಕು? ನಮ್ಮವ್ರ ಅಂಥಾವ್ರಲ್ಲ” ಎಂದಳು. ಹಿಂದೆ ಕೂತಿದ್ದ ಹೆಂಗಸರು ಹೌದು ಹೌದು ಎಂದು ತಲೆ ಆಡಿಸಿದರು. ಈ ತಲೆಗಳೆಲ್ಲ ಮಗಳಿಗೆ ಮುಂದೆ ಗಂಡನೇ ಬರುವುದಿಲ್ಲವೇನೋ ಎಂಬಂತೆ ಆಡುತ್ತಿದ್ದವು. ಆ ಗಂಡ ಅವಳಿಗಿಂತ ಮೊದಲು ಎಲ್ಲಿ ಏನು ಮಾಡಿ ಬಂದಿರುತ್ತಾನೆ ಎಂದು ಕೇಳುವ ಧೈರ್ಯ ಇವರಲ್ಲಿ ಒಬ್ಬಳಿಗೂ ಇಲ್ಲ. ಸಿಸ್ಟರ್ ತಾಳ್ಮೆಯಿಂದ ಉತ್ತರ ಹೇಳಲು ಬಾಯಿ ತೆರೆದಳು.

ಆಗ ಜೋತಿಬಾ ಎದ್ದು ನಿಂತ. ಪಟಗ ಸರಿ ಮಾಡಿಕೊಂಡ, ಜೇಬಿನ ಸಿರಿಂಜು ಮುಟ್ಟಿ ನೋಡಿಕೊಂಡ.

“ಸಿಸ್ಟರ್, ನೀವ ಮೊನ್ನೆ ಬಂದಾವ್ರು. ನಾ ಮೂವತ್ತ ವರ್ಷಾತು ಸೂಜಿ ಹಾಕಾಕತ್ತೇನಿ. ಹೋದ ವರ್ಷ ಮಳಿಗಿಂತ ಮೊದಲ ಸರಕಾರದ ಔಷಧಿ ತಂದ ನನ್ನ ಕುರಿಗೆ ಹಾಕಿದೆ. ನಾಕ ದಿನದಾಗ ಹನ್ನೆರಡ ಕುರಿ ಕಂದ ಹಾಕಿದ್ವು. ಹನ್ನೆರಡ! ಈ ಊರಾಗ ಎಲ್ಲಾರೂ ನೋಡ್ಯಾರ. ಕುರಿಗಿ ಆಗಿದ್ದು ಹುಡುಗ್ಯಾರಿಗೆ ಆಗಂಗಿಲ್ಲಂತ ನೀವ ಬರದ ಕೊಡ್ತೀರೇನು?”

ಸಭೆಯಲ್ಲಿ ಒಂದು ಉಸಿರು ಹೋಗಿ ಬಂತು. ಬಸುರು ಇಳಿದ ಕುರಿಗಳನ್ನು ಹೋದ ವರ್ಷ ಎಲ್ಲರೂ ನೋಡಿದ್ದರು, ಅದು ನಿಜ. ಕುರಿಯ ರೋಗವೇ ಬೇರೆ, ಔಷಧಿಯೇ ಬೇರೆ, ಎರಡಕ್ಕೂ ಸೂಜಿ ಎನ್ನುವುದನ್ನು ಬಿಟ್ಟರೆ ಏನೂ ಸಂಬಂಧವಿಲ್ಲ ಎಂದು ನಾನು ಹೇಳಿದೆ. ಯಾರೂ ಕೇಳಲಿಲ್ಲ. ಸಿಸ್ಟರ್ ಹೇಳಿದಳು. ಅದನ್ನೂ ಕೇಳಲಿಲ್ಲ. ಅಕ್ಕೋರು ಪುಸ್ತಕ ಓದಿದವಳು, ಸಿಸ್ಟರ್ ಸಂಬಳದವಳು, ಜೋತಿಬಾ ಕಣ್ಣಾರೆ ಕಂಡವನು. “ಮುಂದ ನೋಡೂಣು, ಈಗ ಗಡಬಡ ಬ್ಯಾಡ” ಎಂದು ರಾವಸಾಹೇಬರು ಸಭೆ ಮುಗಿಸಿಬಿಟ್ಟರು. ಇಪ್ಪತ್ತೇಳರಲ್ಲಿ ಮೂರು ಹುಡುಗಿಯರಿಗೆ ಸೂಜಿ ಬಿತ್ತು. ಸಿಸ್ಟರ್ ತಂಪು ಪೆಟ್ಟಿಗೆಯನ್ನು ಹಾಗೆಯೇ ಮುಚ್ಚಿಕೊಂಡು ಹೋದಳು.

ಇದೇ ಊರಿನ ಅರ್ಧ ಮಂದಿ ಬೆಳಗಾದರೆ ಎಮ್ಮೆಗೆ ಕದ್ದು ಸೂಜಿ ಚುಚ್ಚಿ ಹಾಲು ಇಳಿಸುತ್ತಾರೆ, ಆ ಹಾಲನ್ನೇ ಮಕ್ಕಳಿಗೆ ಕುಡಿಸುತ್ತಾರೆ. ಆ ಸೂಜಿಯಲ್ಲಿ ಏನಿದೆ ಎಂದು ಇವರಲ್ಲಿ ಯಾರೂ ಬರೆದು ಕೊಡಲು ಕೇಳಿಲ್ಲ. ಇನ್ನು ರಾವಸಾಹೇಬರ ಮಾತು. ಸಭೆಯಾದ ಮುಂದಿನ ಭಾನುವಾರ ಇಚಲಕರಂಜಿಯಲ್ಲಿ ಅವರ ಮಗನ ಮನೆಗೆ ಊಟಕ್ಕೆ ಹೋಗಿದ್ದೆ. ಮಗ ಅಲ್ಲಿ ಪವರ್‌ಲೂಮ್ ಇಟ್ಟಿದ್ದಾನೆ. ಮೊಮ್ಮಗಳು ಮನಾಲಿಗೆ ಈ ಸೂಜಿಯನ್ನು ಹೋದ ವರ್ಷವೇ ಕೊಲ್ಲಾಪುರದಲ್ಲಿ ಹಾಕಿಸಿ ಆಗಿದೆ ಎಂದು ಸೊಸೆ ಹೋಳಿಗೆ ಬಡಿಸುತ್ತ ಹೇಳಿದಳು. “ಮಾಮಂಜೀನಽ ಕರಕೊಂಡ ಹೋಗಿದ್ರು” ಎಂದಳು; ಮಾಮಂಜಿ ಎಂದರೆ ಅವಳ ಮಾವ, ಇದೇ ರಾವಸಾಹೇಬರು. ನಾನು ತುಪ್ಪ ಬೇಡ ಎಂದೆ. ಇಂಥ ಮನುಷ್ಯನ ಮುಂದೆ ಜೋತಿಬಾನೇ ವಾಸಿ, ಅವನು ಕನಿಷ್ಠಪಕ್ಷ ತನ್ನ ಮೂರ್ಖತನವನ್ನು ತನ್ನ ಮನೆಗೂ ಹಂಚುತ್ತಾನೆ.

ಯುಗಾದಿಯ ಮರುವಾರ ಮಾಯವ್ವ ನಮ್ಮ ಮನೆಗೆ ಬಂದಳು. ಒಂದು ಮಡಿಕೆ ಕುರಿ ಹಾಲು ತಂದಿದ್ದಳು. ಕೂರು ಎಂದರೂ ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಅಕ್ಕೋರ, ಒಂದ ಮಾತ ಕೇಳ್ತೇನಿ. ನಮ್ಮ ಚೆನ್ನಕ್ಕಗ ಬಂದಿದ್ದು ಇದಽ ರೋಗೇನ್ರಿ?”

ಚೆನ್ನವ್ವ ಅವಳ ಅಕ್ಕ. ಒಂದು ವರ್ಷದ ತನಕ ಹೋಗುತ್ತಿದ್ದ ರಕ್ತವನ್ನು ಯಾರಿಗೂ ಹೇಳದೆ ಬಟ್ಟೆ ಕಟ್ಟಿಕೊಂಡು ಕಬ್ಬಿನ ಕಸ ತೆಗೆಯಲು ಹೋದವಳು. ಹೇಳಿದಾಗ ಗಂಡನ ಮನೆಯವರು ದೇವರ ಕೇಳಿಸಿದರು, ಜೋತಿಬಾ ಯಾವುದೋ ಬೇರು ಅರೆದು ಕೊಟ್ಟ. ಕೊಲ್ಲಾಪುರಕ್ಕೆ ಒಯ್ದಾಗ ದೊಡ್ಡ ಡಾಕ್ಟರು ಫಿಲ್ಮ್ ನೋಡಿ ಮನೆಗೆ ಕರೆದುಕೊಂಡು ಹೋಗಿ ಎಂದರು. ಕೊನೆಯ ನಾಲ್ಕು ತಿಂಗಳು ನೋಡಿಕೊಂಡವಳು ಮಾಯವ್ವ.

“ಹೌದು, ಇದೇ ರೋಗ” ಎಂದೆ.

ಅವಳು ಹಾಲಿನ ಮಡಿಕೆಯನ್ನು ಹೊಸ್ತಿಲ ಒಳಗೆ ಇಟ್ಟಳು. ಆಮೇಲೆ, “ಹಂಗಾರ ನನ್ನ ಮಂಗಲಾಗ ಈ ಸೂಜಿ ಬೇಕಾತ್ರಿ” ಎಂದಳು. ಮತ್ತೆ ಹೇಳಿದಳು: “ಕುರಿ ಕಂದ ಹಾಕಿದ್ದು ಔಷಧಿಯಿಂದ ಅಲ್ರಿ.”

ಆಗ ನಿಜ ಹೊರಗೆ ಬಂತು. ತುಂಬು ಗಬ್ಬದ ಕುರಿಗಳನ್ನು ಬೇರೆ ತೆಗೆ, ಅವನ್ನು ಹಿಡಿದು ಉರುಳಿಸಬೇಡ ಎಂದು ದನದ ಡಾಕ್ಟರು ಔಷಧಿ ಕೊಡುವಾಗಲೇ ಹೇಳಿದ್ದರಂತೆ. ಆದರೆ ಹೋದ ವರ್ಷ ಸೂಜಿ ಹಾಕಿದ ದಿನ ಇವನಿಗೆ ಜಯಸಿಂಗಪುರದಲ್ಲಿ ಒಂದು ಮದುವೆ ಇತ್ತು. ಬಸ್ಸು ತಪ್ಪುತ್ತದೆಂದು ಗಬ್ಬ ನೋಡಲಿಲ್ಲ, ಏನೂ ನೋಡಲಿಲ್ಲ; ನೂರಾ ನಲವತ್ತು ಕುರಿಯನ್ನೂ ಹಿಡಿದು ಕೆಡವಿ, ಹೊಟ್ಟೆಯ ಮೇಲೆ ಮಂಡಿ ಊರಿ, ಒಂದೇ ಸೂಜಿಯಲ್ಲಿ ಮುಗಿಸಿ ಮದುವೆಗೆ ಓಡಿದ. ತಿರುಗಿ ಬಂದಾಗ ಕುರಿ ಕಂದು ಹಾಕುತ್ತಿದ್ದವು. ದೊಡ್ಡಿಯಲ್ಲಿ ಕೂತು ಅತ್ತ. ಅತ್ತು ಮುಗಿದ ಮೇಲೆ ಹೊರಗೆ ಹೋಗಿ, ಸರಕಾರದ ಔಷಧಿ ಕೆಟ್ಟದ್ದು ಎಂದ.

“ಇದನ್ನು ಸಭೆಯಲ್ಲಿ ಯಾಕೆ ಹೇಳಲಿಲ್ಲ?” ಎಂದು ನಾನು ಸಿಟ್ಟಿನಿಂದ ಕೇಳಿದೆ.

“ನಾಕ ಮಂದ್ಯಾಗ ಗಂಡನ ಮರ್ಯಾದಿ ಹೆಂಗ ತಗೀಲಿರಿ ಅಕ್ಕೋರ? ಅವಂಗ ಇರೂದು ಡಾಕ್ಟರ್ ಅನ್ನೂದ ಒಂದಽ ಅಲ್ಲೇನ್ರಿ?”

ಗಂಡನ ಮರ್ಯಾದೆ! ಇಪ್ಪತ್ತನಾಲ್ಕು ಹುಡುಗಿಯರ ಜೀವದ ಎದುರು ಒಬ್ಬ ಸುಳ್ಳನ ಪಟಗ. ನನಗೆ ಅವಳ ಮೇಲೂ ಸಿಟ್ಟು ಬಂತು. ತಾಯಿ ಸಹಿ ಮಾಡಿದರೂ ಸಾಕು, ಗಡಹಿಂಗ್ಲಜದ ಸರಕಾರಿ ದವಾಖಾನೆಗೆ ನಾನೇ ಕರೆದೊಯ್ಯುತ್ತೇನೆ, ನಾಳೆಯೇ ನಡೆ ಎಂದೆ. ಅವಳು ಹೇಳಿದಳು: “ಸಹಿ ಮಾಡೂದ ಸಸಾರ್ರಿ. ಮಾಡಿ ತಿರುಗಿ ಆ ಮನಿಗೆ ಬರಬೇಕಾದಾಕಿ ನಾನಽ ಅಲ್ಲೇನ್ರಿ?” ಸ್ವಲ್ಪ ದಿನ ಕೊಡಿ, ಅವನಿಗೆ ಹೇಳಿ ನೋಡುತ್ತೇನೆ, ದೀಪಾವಳಿಗೆ ಅವಳಿಗೆ ಹದಿನೈದು ತುಂಬುತ್ತದೆ, ಅಲ್ಲಿಯ ತನಕ ಸಮಯವಿದೆಯಲ್ಲ ಎಂದಳು.

ಸಮಯ ಇರಲಿಲ್ಲ. ಅದು ನನ್ನ ತಪ್ಪು, ಅದನ್ನು ಹೇಳಲೇಬೇಕು. ಮಂಗಲ ಹುಟ್ಟಿದ್ದು ಕುರಿಯ ಹಿಂದೆ, ಕುರುಂದವಾಡದ ದಾರಿಯಲ್ಲಿ. ಒಂದನೆಯ ಇಯತ್ತೆಗೆ ಹೆಸರು ಹಚ್ಚಲು ತಂದಾಗ ತಾರೀಖು ಕೇಳಿದರೆ ಜೋತಿಬಾ ತಲೆ ಕೆರೆದುಕೊಂಡ. ಹಿಂದಿನ ಮಾಸ್ತರರೆಲ್ಲ ಮಾಡುತ್ತಿದ್ದಂತೆ ನಾನೂ ಜೂನ್ ಒಂದು ಎಂದು ಗೀಚಿ ಕೈ ತೊಳೆದುಕೊಂಡೆ. ನಮ್ಮ ಹಳೆಯ ಪುಸ್ತಕಗಳ ಪ್ರಕಾರ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ಅಂದರೆ ದೀಪಾವಳಿಯಲ್ಲ, ಮೇ ತಿಂಗಳು ಮುಗಿದರೆ ಮಂಗಲ ಯಾದಿಯಿಂದ ಹೊರಗೆ. ಆಮೇಲೆ ಮನಾಲಿಯ ಹಾಗೆ ಕೊಲ್ಲಾಪುರದ ಖಾಸಗಿ ದವಾಖಾನೆಗೆ ಹೋಗಬೇಕು, ಅದು ಇವರಿಂದ ಆಗುವ ಮಾತಲ್ಲ. ತಾರೀಖು ಬದಲ್ ಮಾಡಿಸಲು ಶಿಕ್ಷಣ ಕಚೇರಿಗೆ ಅರ್ಜಿ ಕೊಟ್ಟೆ. ಜನ್ಮ ದಾಖಲೆ ತನ್ನಿ ಎಂದರು. ಜನ್ಮ ದಾಖಲೆ ಇದ್ದಿದ್ದರೆ ನಾನೇಕೆ ಗೀಚುತ್ತಿದ್ದೆ? ಬೇರೆಯವರ ಮೂರ್ಖತನವನ್ನು ಎಣಿಸುವ ನನ್ನ ಕೈಯೇ ಆ ಹುಡುಗಿಯ ಆರು ತಿಂಗಳು ತಿಂದಿತ್ತು.

ಗಡಹಿಂಗ್ಲಜದ ದವಾಖಾನೆಯಲ್ಲಿ ಮೇ ತಿಂಗಳ ಕೊನೆಯ ಸೂಜಿಯ ದಿನ ಶುಕ್ರವಾರ. ಅಂದು ಬೆಳಿಗ್ಗೆ ಏಳಕ್ಕೆ ನನ್ನ ಸ್ಕೂಟರ್ ತೆಗೆದುಕೊಂಡು ಜೋತಿಬಾನ ಕುರಿದೊಡ್ಡಿಗೆ ಹೋದೆ. ಎರಡು ತಿಂಗಳು ಮಾಯವ್ವ ಹೇಳಿ ಸೋತಿದ್ದಳು. ಕೊನೆಯದಾಗಿ ನಾನು ಬೇಡಿ ನೋಡೋಣ, ಆಗದಿದ್ದರೆ ಬೈದು ಬರೋಣ ಎಂದುಕೊಂಡಿದ್ದೆ.

ಹೋಗಿ ನೋಡಿದರೆ ಅಲ್ಲಿ ಕರುಳುಬೇನೆಯ ಸೂಜಿ ನಡೆದಿತ್ತು. ಮಳೆ ಬೀಳುವ ಮೊದಲು ಪ್ರತಿ ವರ್ಷ ಹಾಕುವುದು. ಮಂಗಲ ಒಂದೊಂದೇ ಮರಿಯ ಕತ್ತು ತಬ್ಬಿ ಹಿಡಿಯುತ್ತಿದ್ದಳು, ಜೋತಿಬಾ ಸೂಜಿ ಹಾಕುತ್ತಿದ್ದ, ಮಾಯವ್ವ ಸೂಜಿ ಬಿದ್ದ ಕುರಿಯ ಬೆನ್ನಿಗೆ ನೀಲಿ ಬಣ್ಣದ ಗುರುತು ಹಚ್ಚಿ ಬಿಡುತ್ತಿದ್ದಳು.

“ಬರ್ರಿ ಅಕ್ಕೋರ, ಬರ್ರಿ. ಡಾಕ್ಟರ್ ಕೆಲಸ ಹೆಂಗಿರತೈತಿ ನೋಡ್ರಿ” ಎಂದ ಜೋತಿಬಾ.

ನೋಡಿದೆ. ಈ ಸಲ ಹೊಸ ಸೂಜಿಗಳ ಪೊಟ್ಟಣ ಇತ್ತು. ಮೂಲೆಯಲ್ಲಿ ಹಗ್ಗ ಕಟ್ಟಿ ಹತ್ತಿಪ್ಪತ್ತು ಕುರಿಗಳನ್ನು ಬೇರೆ ನಿಲ್ಲಿಸಿದ್ದ.

“ಅವನ್ನ ಯಾಕ ಬ್ಯಾರೆ ಮಾಡೀಯಪಾ?”

“ಅವು ತುಂಬಿದ ಗಬ್ಬ ಅದಾವ್ರಿ. ಹಿಡದ ಉಳ್ಳಿಸಿದ್ರ ಕಂದ ಹಾಕ್ತಾವು. ಈದ ಮ್ಯಾಲ ಅವಕ್ಕ ಸೂಜಿ.”

“ಹೋದ ವರ್ಷ ಬ್ಯಾರೆ ಮಾಡಿದ್ದೇನು?”

ಅವನು ಸಿರಿಂಜನ್ನು ಬಿಸಿಲಿಗೆ ಹಿಡಿದು ಬಹಳ ಲಕ್ಷ್ಯದಿಂದ ನೋಡಿದ. “ಹೋದ ವರ್ಷದ್ದ ಔಷಧಿನಽ ಬ್ಯಾರೆರಿ.”

“ಅದಽ ಔಷಧಿರಿ ಅಕ್ಕೋರ” ಎಂದಳು ಮಾಯವ್ವ ತಲೆ ಎತ್ತದೆ. ಅವನು ಅವಳ ಕಡೆ ನೋಡಿದ. ಅವಳು ಬಣ್ಣ ಹಚ್ಚುತ್ತಿದ್ದಳು.

ಮಂಗಲ ಹಿಡಿದಿದ್ದ ಮರಿ ತೋರಿಸಿ ನಾನು ಕೇಳಿದೆ: “ಇದಕ್ಯಾಕ ಹಾಕ್ತೀಪಾ? ಇದಕ್ಕೇನ ರೋಗ ಬಂದಿಲ್ಲಲ್ಲ.”

ಅವನು ನಕ್ಕ. ಏನೂ ತಿಳಿಯದವರ ಮುಂದೆ ತಿಳಿದವರು ನಗುವ ನಗೆ. “ಅಕ್ಕೋರ, ಇಷ್ಟ ಸಾಲಿ ಕಲ್ತೀರಿ, ಇದ ತಿಳಿಯಂಗಿಲ್ಲೇನ್ರಿ? ರೋಗ ಬರೂಕಿಂತ ಮೊದಲಽ ಹಾಕಬೇಕ. ಮರಿ ಇದ್ದಾಗಽ ಹಾಕಬೇಕ. ಬಂದ ಮ್ಯಾಲ ಹಾಕಿದ್ರ ಚರ್ಮಾ ಸುಲಿಯೂದೊಂದಽ ಉಳೀತೈತಿ.”

ಸಿಸ್ಟರಿಗೆ ಒಂದು ತಿಂಗಳು ಪಾಠ ಹೇಳಿಕೊಟ್ಟರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವನನ್ನು ಕ್ಷಮಿಸಬಹುದು, ಇವನು ತನ್ನ ಕೈಗೆ ಗೊತ್ತಿದ್ದದ್ದನ್ನು, ಮರಿ ಹಿಡಿದು ಎದುರಿಗೇ ನಿಂತ ಮಗಳಿಗೆ ಇಲ್ಲವೆನ್ನುತ್ತಿದ್ದ. ಅದೂ ಒಂದು ಮದುವೆ ಊಟದ ತಪ್ಪು ಹೊರಗೆ ಬೀಳಬಾರದೆಂದು. ಬೈಯಲು ಬಂದಿದ್ದ ನನಗೆ ಹೇಸಿಗೆಯಾಯಿತು.

ಕೊನೆಯ ಮರಿಗೂ ಸೂಜಿ ಬಿತ್ತು. ಇಲ್ಲಿ ಅವರ ಒಂದು ಪದ್ಧತಿ ಹೇಳಬೇಕು. ಗಬ್ಬದವನ್ನು ಬಿಟ್ಟು ಉಳಿದ ಹಿಂಡಿಗೆಲ್ಲ ಸೂಜಿ ಮುಗಿದ ಮೇಲೆ, ಹಾಕಿದವನು ದೊಡ್ಡಿಯ ಬಾಗಿಲಲ್ಲಿ ನಿಂತು ‘ಉಳದಾವೇನು?’ ಎಂದು ಮೂರು ಸಲ ಕೇಳುತ್ತಾನೆ. ಗುರುತು ಹಚ್ಚಿದವರು ಮೂರು ಸಲ ಇಲ್ಲ ಎನ್ನಬೇಕು. ಅಲ್ಲಿಯ ತನಕ ಬಾಗಿಲು ತೆಗೆಯುವಂತಿಲ್ಲ, ಕುರಿ ಮೇಯಲು ಹೋಗುವಂತಿಲ್ಲ. ಬಿಟ್ಟುಹೋದ ಒಂದು ಕುರಿ ಇಡೀ ಹಿಂಡಿಗೆ ರೋಗ ತರುತ್ತದೆ, ಆದ್ದರಿಂದ ಆ ಬಾಗಿಲಲ್ಲಿ ಸುಳ್ಳು ಹೇಳಿದರೆ ಬೀರದೇವರು ಹಿಂಡು ಉಳಿಸುವುದಿಲ್ಲ ಎಂದು ಅವರ ನಂಬಿಕೆ.

ಜೋತಿಬಾ ಬಾಗಿಲಿಗೆ ಕೈ ಇಟ್ಟು ಕೂಗಿದ: “ಉಳದಾವೇನು?”

“ಒಂದ ಉಳದೈತಿ” ಎಂದಳು ಮಾಯವ್ವ.

ಅವನು ಹಿಂಡಿನ ಬೆನ್ನುಗಳ ಮೇಲೆ ಕಣ್ಣಾಡಿಸಿದ. “ಎಲ್ಲೈತಿ? ನೀಲಿ ಇಲ್ಲದ್ದ ಒಂದೂ ಕಾಣವಲ್ದು.”

ಮಾಯವ್ವ ಮಗಳ ರಟ್ಟೆ ಹಿಡಿದು ಅವನ ಮುಂದೆ ನಿಲ್ಲಿಸಿ ತೋಳಿನ ಅಂಗಿ ಮೇಲೆ ಸರಿಸಿದಳು. “ಇಲ್ಲೈತಿ. ಕುರಿಗಿ, ಮರಿಗಿ, ಟಗರಿಗಿ ಎಲ್ಲಾಕ್ಕೂ ಹಾಕೀರಿ. ಇದಕ್ಕ ಹಾಕಿಲ್ಲ.”

“ಹುಚ್ಚ ಹಿಡದೈತೇನಬೇ ನಿನಗ? ಅಕ್ಕೋರ ಮುಂದ ಚೇಷ್ಟಿ ಮಾಡಾಕತ್ತಿ.” ಮತ್ತೆ ಕೂಗಿದ, ಈ ಸಲ ಜೋರಾಗಿ: “ಉಳದಾವೇನು?”

“ಒಂದ ಉಳದೈತಿ.”

“ಇಲ್ಲ ಅನ್ನ!”

“ಅನ್ನಂಗಿಲ್ರಿ. ಬಾಗಲದಾಗ ನಿಂತ ಸುಳ್ಳ ಹೇಳಬಾರದಂತ ನನಗ ಕಲಿಸಿದಾವ್ರ ನೀವ. ಚೆನ್ನಕ್ಕನ ಅರಿವಿ ಒಗದಾಕಿ ನಾನು. ಆ ವಾಸನಿ ಇನ್ನೂ ನನ್ನ ಮೂಗಿನಾಗ ಐತಿ. ಹನ್ನೆರಡ ಕುರಿ ಯಾಕ ಕಂದ ಹಾಕಿದ್ವು ಅನ್ನೂದ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಊರಾಗ ನಾ ಹೇಳಿಲ್ಲ, ಹೇಳೂದೂ ಇಲ್ಲ. ಆದ್ರ ಇಲ್ಲೆ ನಿಂತ ಇಲ್ಲ ಅನ್ನಂಗಿಲ್ಲ.”

ಮೂರನೆಯ ಸಲ ಅವನು ಕೂಗಲಿಲ್ಲ. ಬಿಸಿಲು ಏರುತ್ತಿತ್ತು. ಕುರಿಗಳು ಬಾಗಿಲಿಗೆ ಮೈ ಒತ್ತಿ ಒದರುತ್ತಿದ್ದವು. ಬೆಳಗಿನಿಂದ ಮೇವಿಲ್ಲ, ನೀರಿಲ್ಲ. ಬಾಗಿಲು ತೆಗೆದುಬಿಟ್ಟಿದ್ದರೆ ಅವನನ್ನು ತಡೆಯುವವರು ಅಲ್ಲಿ ಯಾರೂ ಇರಲಿಲ್ಲ. ತೆಗೆಯಲು ಅವನ ಕೈ ಬರಲಿಲ್ಲ. ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಮಗಳನ್ನು ಮಾತ್ರ ನೋಡಲಿಲ್ಲ. ಕಡೆಗೆ, “ಹೋಗ್ರಿ. ಲಗೂನ ಬರ್ರಿ. ಕುರಿ ನೀರ ಕುಡದಿಲ್ಲ” ಎಂದ.

ಮಗಳಿಗೆ ರೋಗ ಬರಬಾರದೆಂದಲ್ಲ, ಹೆಂಡತಿ ನಿಜ ಹೇಳಿದಳೆಂದಲ್ಲ, ಕುರಿಗೆ ಬಾಯಾರಿಕೆ ಎಂದು. ನನಗೆ ಅದನ್ನು ಅವನ ಮುಖದ ಮೇಲೆ ಹೇಳಬೇಕೆನಿಸಿತು. ಆದರೆ ಮಾಯವ್ವ ಆಗಲೇ ಸ್ಕೂಟರಿನ ಕಡೆಗೆ ಓಡುತ್ತಿದ್ದಳು.

ಒಂದೇ ಸ್ಕೂಟರಿನಲ್ಲಿ ಮೂವರೂ ಗಡಹಿಂಗ್ಲಜಕ್ಕೆ ಹೋದೆವು. ಮಾಯವ್ವ ನೀಲಿ ಬಣ್ಣದ ಹೆಬ್ಬೆರಳನ್ನೇ ಕಾಗದಕ್ಕೆ ಒತ್ತಿದಳು. ಮಂಗಲ ತೋಳು ಚಾಚಿದವಳು ಹಿಂದಕ್ಕೆಳೆದುಕೊಂಡು, “ಸಿಸ್ಟರ್, ಸೂಜಿ ಹೊಸಾದ ಐತೇನ್ರಿ?” ಎಂದು ಕೇಳಿದಳು. ಅಲ್ಲಿಯ ಸಿಸ್ಟರ್ ಪೊಟ್ಟಣ ಹರಿದು ತೋರಿಸಿದಳು. ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ ಕಳಿಸಿದರು.

ತಿರುಗಿ ಬಂದಾಗ ಹನ್ನೆರಡು ದಾಟಿತ್ತು. ಜೋತಿಬಾ ಅಲ್ಲೇ ಇದ್ದ. ಬಾಗಿಲು ತೆಗೆದಿರಲಿಲ್ಲ. ಬಾವಿಯಿಂದ ಕೊಡ ಹೊತ್ತು ತಂದು ಒಳಗಿನ ಕುರಿಗೆ ನೀರು ಕುಡಿಸಿದ್ದ, ಅಂಗಿ ಎಲ್ಲ ಒದ್ದೆಯಾಗಿತ್ತು. ನಮ್ಮನ್ನು ಕಂಡು ಬಾಗಿಲಿಗೆ ಕೈ ಇಟ್ಟು ಮೂರು ಸಲ ಕೇಳಿದ. ಮಾಯವ್ವ ಮೂರು ಸಲ ಇಲ್ಲ ಎಂದಳು. ಮಂಗಲ ಅಪ್ಪನ ಮುಂದೆ ಹೋಗಿ ತೋಳು ಚಾಚಿ, “ಅಪ್ಪಾ, ಗುರತಾ?” ಎಂದಳು. ಅವನು ಬಣ್ಣದ ಡಬ್ಬಿಯಲ್ಲಿ ಬೆರಳು ಅದ್ದಿ ಅವಳ ತೋಳಿಗೆ ನೀಲಿ ಹಚ್ಚಿದ. ಆಮೇಲೆ ಬಾಗಿಲು ತೆಗೆದ.

ಆ ಹೊತ್ತಿನಲ್ಲಿ ಅವನ ಮೇಲೆ ನನಗೆ ಸ್ವಲ್ಪ ಕರುಣೆ ಬಂದದ್ದು ನಿಜ. ಅದು ಎರಡು ವಾರ ಬಾಳಿತು.

ಜೂನ್ ನಡುವೆ ಶಾಲೆ ತೆರೆಯಿತು. ಸಿಸ್ಟರ್ ಮತ್ತೆ ತಂಪು ಪೆಟ್ಟಿಗೆ ಹೊತ್ತು ಬಂದಳು. ಯಾದಿಯಲ್ಲಿ ಇನ್ನೂ ಹತ್ತೊಂಬತ್ತು ಹೆಸರು ಉಳಿದಿದ್ದವು; ಬೇರೆ ನಾಲ್ವರಿಗೆ ಅಷ್ಟರಲ್ಲಿ ಪುಸ್ತಕದ ಪ್ರಕಾರ ಹದಿನೈದು ತುಂಬಿಹೋಗಿತ್ತು. ಹತ್ತೊಂಬತ್ತು ತಾಯಂದಿರು ಅದೇ ಮುಖ ಹೊತ್ತು ಬಂದು ಕೂತರು, ರಾವಸಾಹೇಬರು ಅದೇ ನಕಾಶೆ ನೋಡುತ್ತ ಕೂತರು. ಅಷ್ಟರಲ್ಲಿ ಹಳದಿ ಪಟಗ ಒಳಗೆ ಬಂತು. ಅವನನ್ನು ಯಾರೂ ಕರೆದಿರಲಿಲ್ಲ. ಅವನ ಮಗಳ ಹೆಸರು ಈಗ ಯಾದಿಯಲ್ಲೂ ಇರಲಿಲ್ಲ.

“ನೋಡ್ರಿ, ನನ್ನ ಮಗಳಿಗೆ ನಾನಽ ಈ ಸೂಜಿ ಹಾಕ್ಸೀನಿ” ಎಂದ ಜೋತಿಬಾ ಎದೆ ಎತ್ತಿ. “ಸುಮ್ಮ ಹಾಕ್ಸಿಲ್ಲ. ಮೂರ ತಿಂಗಳ ತಪಾಸ ಮಾಡಿ, ಪೂರಾ ಖಾತ್ರಿ ಮಾಡ್ಕೊಂಡ ಹಾಕ್ಸೀನಿ. ಹೋದ ವರ್ಷದ ಕುರಿ ಮಾತ ಬ್ಯಾರೆ, ಆ ಔಷಧಿ ಬ್ಯಾರೆ. ಇದ ಚೊಲೊ ಐತಿ. ನಾ ಹೇಳಾಕತ್ತೇನಿ, ಹಾಕಸ್ರಿ.”

ಮೂರು ತಿಂಗಳ ತಪಾಸು! ನನ್ನ ನಾಲಿಗೆಯ ತುದಿಗೆ ಎಲ್ಲ ಬಂದು ನಿಂತಿತು. ಜಯಸಿಂಗಪುರದ ಮದುವೆ, ಒಂದೇ ಸೂಜಿ, ಹೊಟ್ಟೆಯ ಮೇಲಿನ ಮಂಡಿ, ಕೊರೋನಾ ಸೂಜಿಯ ಸರ್ಟಿಫಿಕೇಟ್. ನಾಲ್ಕು ಮಾತು ಸಾಕಿತ್ತು, ಆ ಪಟಗ ಮತ್ತೆ ಈ ಊರಲ್ಲಿ ತಲೆ ಎತ್ತುತ್ತಿರಲಿಲ್ಲ. ಬಾಯಿ ತೆರೆದೆ. ಕಂಬದ ಹತ್ತಿರ ಮಾಯವ್ವ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ಸಣ್ಣಗೆ ತಲೆ ಅಲ್ಲಾಡಿಸಿದಳು.

ಹೀರಾಬಾಯಿ ಕೈಯಲ್ಲಿ ಪೆನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದಳು. “ಖರೇ ಏನ್ರಿ ಅಕ್ಕೋರ, ಇಂವಾ ಹೇಳೂದು?”

“ಕೇಳ್ರಿ, ಅಕ್ಕೋರನ್ನಽ ಕೇಳ್ರಿ. ಅವರ ಮುಂದಽ ಆಗೇತಿ” ಎಂದು ಜೋತಿಬಾ ನನ್ನ ಕಡೆ ನೋಡಿ ನಕ್ಕ. “ಹೌದಲ್ರಿ ಅಕ್ಕೋರ?”

ಇಪ್ಪತ್ತೆಂಟು ವರ್ಷ ನಾನು ಈ ಮಂದಿಗೆ ಓದು ಕಲಿಸಿದ್ದೆ. ಅವರು ಕಾಯುತ್ತಿದ್ದದ್ದು ನಾನು ಅವನಿಗೆ ಹೌದೆನ್ನುವುದನ್ನು. ಪೆನ್ನು ಇನ್ನೂ ಕಾಗದ ಮುಟ್ಟಿರಲಿಲ್ಲ.

“ಹೌದ್ರಿ, ಡಾಕ್ಟರ್” ಎಂದೆ.

ಹೀರಾಬಾಯಿ ಸಹಿ ಮಾಡಿದಳು. ಅವಳ ಹಿಂದೆ ಕೂತಿದ್ದವಳು ಪೆನ್ನಿಗೆ ಕೈ ಚಾಚಿದಳು.